ಕೋಟೆಯನ್ನು ನೋಡುವ ಬಗೆ

ಪ್ರಪಂಚದ ಬಹುತೇಕ ದೇಶಗಳಲ್ಲಿ ಹಳೆಯ ಕೋಟೆಗಳಿವೆ. ಬೆಟ್ಟದ ನೆತ್ತಿಯ ಮೇಲೆ, ನದಿಯ ತಿರುವಿನಲ್ಲಿ, ಕಡಲ ದಂಡೆಯಲ್ಲಿ ಅವು ನಿಂತಿವೆ. ಅನ್ಯರು ಒಳಗೆ ಬಾರದಿರಲೆಂದು ಒಂದು ಕಾಲದಲ್ಲಿ ಎಬ್ಬಿಸಿದ ಗೋಡೆಗಳು ಅವು. ಇಂದು ಅವುಗಳ ಬಾಗಿಲು ಎಲ್ಲರಿಗೂ ತೆರೆದಿದೆ. ರಜೆಯ ದಿನಗಳಲ್ಲಿ ಶಾಲೆಯ ಮಕ್ಕಳು ಉಪಾಧ್ಯಾಯರ ಹಿಂದೆ ಸಾಲಾಗಿ ಬರುತ್ತಾರೆ. ದೂರದ ಊರುಗಳಿಂದ ಪ್ರವಾಸಿಗಳು ಬರುತ್ತಾರೆ. ಬುರುಜನ್ನು ಹತ್ತಿ ಇಳಿದು, ಭಾವಚಿತ್ರ ತೆಗೆಸಿಕೊಂಡು, ತಂದ ಬುತ್ತಿಯನ್ನು ಉಂಡು ಹಿಂದಿರುಗುತ್ತಾರೆ. ಕೋಟೆಯನ್ನು ನೋಡಿದ್ದಾಯಿತು ಎಂಬ ತೃಪ್ತಿ ಅವರಿಗಿರುತ್ತದೆ. ಆದರೆ ಗೋಡೆಯನ್ನು ಕಂಡ ಮಾತ್ರಕ್ಕೆ ಕೋಟೆಯನ್ನು ಕಂಡಂತಾಗುವುದಿಲ್ಲ. ಯಾರು ಕಟ್ಟಿದರು, ಯಾರು ಕೆಡವಿದರು, ಯಾರು ಮತ್ತೆ ಎಬ್ಬಿಸಿದರು, ಆ ಗೋಡೆಯ ನೆರಳಿನಲ್ಲಿ ಯಾರಿಗೆ ಸುಖವಾಯಿತು, ಯಾರಿಗೆ ನೋವಾಯಿತು ಎಂಬುದನ್ನು ಕೇಳಿದವನಿಗೆ ಮಾತ್ರ ಕೋಟೆಯು ತನ್ನ ವೃತ್ತಾಂತವನ್ನು ಹೇಳುತ್ತದೆ.

ಇದಕ್ಕೆ ದೂರದೇಶದ ಒಂದು ನಿದರ್ಶನವನ್ನು ಮೊದಲು ನೋಡಬಹುದು. ಮೆಡಿಟರೇನಿಯನ್ ಸಮುದ್ರದ ದಕ್ಷಿಣ ತೀರದಲ್ಲಿ, ಈಜಿಪ್ಟ್ ದೇಶದ ಅಲೆಗ್ಸಾಂಡ್ರಿಯ ಎಂಬ ಬಂದರು ಪಟ್ಟಣವಿದೆ. ಅಲ್ಲಿನ ಬಂದರಿನ ಬಾಯಲ್ಲಿ ಸುಲ್ತಾನ್ ಕೈತ್‌ಬೇ 1477ರಿಂದ 1479ರವರೆಗೆ ಕಟ್ಟಿಸಿದ ಕೋಟೆಯೊಂದು ನಿಂತಿದೆ. ಹಡಗುಗಳಲ್ಲಿ ಬರುವ ಶತ್ರುಗಳಿಂದ ನಗರವನ್ನು ಕಾಯುವುದು ಅದರ ಉದ್ದೇಶ. ಆದರೆ ಆ ಕೋಟೆಯ ನೆಲವು ಕೋಟೆಗಿಂತ ಬಹಳ ಹಳೆಯದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅದೇ ಸ್ಥಳದಲ್ಲಿ ಒಂದು ದೀಪಸ್ತಂಭವನ್ನು ಕಟ್ಟಲಾಗಿತ್ತು. ಪ್ರಾಚೀನ ಪ್ರಪಂಚದ ಏಳು ಅದ್ಭುತಗಳಲ್ಲಿ ಒಂದೆಂದು ಅದು ಹೆಸರಾಗಿತ್ತು. ರಾತ್ರಿಯಲ್ಲಿ ಬರುವ ನಾವಿಕರಿಗೆ ದಾರಿ ತೋರುತ್ತಿತ್ತು. ಭೂಕಂಪಗಳಿಂದ ಅದು ಶಿಥಿಲವಾಗುತ್ತ ಬಂದು, 1349ರಲ್ಲಿ ಇಬ್ನ್ ಬತೂತ ಎಂಬ ಪ್ರಸಿದ್ಧ ಪ್ರವಾಸಿಯು ಅಲ್ಲಿಗೆ ಹೋದಾಗ ಒಳಗೆ ಕಾಲಿಡಲೂ ಆಗದ ಸ್ಥಿತಿಯಲ್ಲಿತ್ತು. ಬಿದ್ದ ದೀಪಸ್ತಂಭದ ಕಲ್ಲುಗಳೇ ಮುಂದೆ ಕೋಟೆಯ ಗೋಡೆಗೆ ಒದಗಿದವೆಂದು ಹೇಳುತ್ತಾರೆ. 1882ರಲ್ಲಿ ಬ್ರಿಟಿಷ್ ನೌಕಾಪಡೆಯ ಗುಂಡಿನ ಸುರಿಮಳೆಗೆ ಆ ಕೋಟೆಯೂ ಜಖಂಗೊಂಡಿತು. ಅನಂತರ ಅದನ್ನು ದುರಸ್ತಿ ಮಾಡಿದರು. ದಾರಿ ತೋರಿದ ದೀಪ, ದಾರಿ ತಡೆದ ಗೋಡೆ, ಗೋಡೆಯನ್ನು ಒಡೆದ ಫಿರಂಗಿ, ಇವೆಲ್ಲದರ ಕುರುಹುಗಳೂ ಒಂದೇ ಸ್ಥಳದಲ್ಲಿ ಸೇರಿವೆ. ಕೈತ್‌ಬೇಯ ಹೆಸರನ್ನಷ್ಟೇ ಕೇಳಿ ಹಿಂದಿರುಗುವ ಪ್ರವಾಸಿಗೆ ಆ ಕಥೆಯ ಒಂದು ಭಾಗ ಮಾತ್ರ ದೊರೆಯುತ್ತದೆ.

ಕೊಡಗಿಗೆ ಸಮುದ್ರವಿಲ್ಲ, ಬಂದರೂ ಇಲ್ಲ. ಆದರೆ ಬಂದರಿನ ಕೋಟೆಗೆ ಯಾವ ಕೆಲಸವಿತ್ತೋ ಅಂತಹುದೇ ಕೆಲಸವನ್ನು ಮಾಡಿದ ಕೋಟೆಯೊಂದು ಅಲ್ಲಿಯೂ ಇದೆ. ಪೂರ್ವಕ್ಕೆ ಮೈಸೂರಿನ ಬಯಲು, ಪಶ್ಚಿಮಕ್ಕೆ ಮಂಗಳೂರು ಮತ್ತು ಮಲೆಯಾಳದ ಕರಾವಳಿ. ಇವೆರಡರ ನಡುವೆ ಘಟ್ಟವಿದೆ. ಘಟ್ಟವನ್ನು ಹತ್ತಿ ಇಳಿಯುವ ದಾರಿಗಳನ್ನು ಹಿಡಿದವನಿಗೆ ಎರಡೂ ಕಡೆಯ ವ್ಯಾಪಾರವೂ ಯುದ್ಧವೂ ಎಟಕುತ್ತಿದ್ದವು. ಆ ದಾರಿಯ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿ ಮಡಿಕೇರಿಯಿದೆ. ಊರಿನ ನಡುವಣ ದಿಬ್ಬದ ಮೇಲೆ ಕೋಟೆಯಿದೆ. ದಿಬ್ಬದ ಆಕಾರವನ್ನೇ ಅನುಸರಿಸಿ ಗೋಡೆ ಸುತ್ತಿರುವುದರಿಂದ ಕೋಟೆಯು ಆರು ಮೂಲೆಗಳ ವಕ್ರ ಆಕೃತಿಯನ್ನು ತಳೆದಿದೆ. ಮೂಲೆಗೊಂದರಂತೆ ದುಂಡನೆಯ ಬುರುಜುಗಳಿವೆ. ಪೂರ್ವದಿಕ್ಕಿನ ಪ್ರವೇಶಮಾರ್ಗವು ನೇರವಾಗಿಲ್ಲ. ಸುತ್ತಿ ಬಳಸಿ ಒಳಗೆ ಸಾಗುತ್ತದೆ. ನುಗ್ಗಿ ಬರುವ ಶತ್ರುವಿನ ವೇಗವನ್ನು ಮುರಿಯಲು ಮಾಡಿದ ಉಪಾಯವದು.

ಹಾಲೇರಿ ಮನೆತನದ ಮುದ್ದುರಾಜನು 1681ರಲ್ಲಿ ಮಡಿಕೇರಿಯನ್ನು ತನ್ನ ರಾಜಧಾನಿಯಾಗಿ ಮಾಡಿಕೊಂಡನು. ಅವನ ಹೆಸರಿನಿಂದಲೇ ಊರಿಗೆ ಮುದ್ದುರಾಜನ ಕೇರಿ ಎಂಬ ಹೆಸರಾಗಿ, ಮುಂದೆ ಅದು ಮಡಿಕೇರಿಯಾಯಿತೆಂದು ಹೇಳುತ್ತಾರೆ. ಅವನು ಕಟ್ಟಿಸಿದ ಕೋಟೆ ಮಣ್ಣಿನದು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕೊಡಗು ಮೈಸೂರಿನ ಹೈದರಾಲಿಯ, ಅನಂತರ ಟಿಪ್ಪು ಸುಲ್ತಾನನ ಅಧೀನಕ್ಕೆ ಬಂದಿತು. ಮಣ್ಣಿನ ಕೋಟೆಯ ಸ್ಥಾನದಲ್ಲಿ ಕಲ್ಲಿನ ಕೋಟೆಯನ್ನು ಎಬ್ಬಿಸಿದವನು ಟಿಪ್ಪು. ಅದಕ್ಕೆ ಅವನು ಜಾಫರಾಬಾದ್ ಎಂದು ಹೆಸರಿಟ್ಟನು. ಅದೇ ಕಾಲದಲ್ಲಿ ಕೊಡಗಿನ ಜನ ಬಹಳವಾಗಿ ಬವಣೆಪಟ್ಟರು. ಸಾವಿರಾರು ಮಂದಿಯನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅವರ ಸಂಖ್ಯೆಯ ವಿಷಯದಲ್ಲಿ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ; ಆದರೆ ಆ ನೋವಿನ ನೆನಪು ಕೊಡಗಿನಲ್ಲಿ ಇಂದಿಗೂ ಮಾಸಿಲ್ಲ. ಇಂದು ಪ್ರವಾಸಿಯು ಮೆಚ್ಚಿ ನೋಡುವ ಕಲ್ಲಿನ ಗೋಡೆ ಆ ಕಾಲದ್ದೆಂಬುದೂ ನಿಜ, ಆ ಕಾಲದ ಸಂಕಟವೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಇತಿಹಾಸವಾಗಲಾರದು.

ಟಿಪ್ಪುವಿನ ಸೆರೆಯಲ್ಲಿದ್ದ ದೊಡ್ಡ ವೀರರಾಜೇಂದ್ರನು 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು ಜನರನ್ನು ಕೂಡಿಸಿದನು. 1790ರ ಅಕ್ಟೋಬರಿನಲ್ಲಿ ತಲಶೇರಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯವರೊಡನೆ ಒಪ್ಪಂದ ಮಾಡಿಕೊಂಡನು. ನಾಡಿನ ಬಹುಭಾಗ ಅವನ ಕೈಗೆ ಬಂದರೂ ಮಡಿಕೇರಿಯ ಕೋಟೆಯಲ್ಲಿ ಟಿಪ್ಪುವಿನ ಸೈನ್ಯವಿನ್ನೂ ಉಳಿದಿತ್ತು. ಅದಕ್ಕೆ ಆಹಾರಸಾಮಗ್ರಿಯನ್ನು ತಲುಪಿಸಲು ಖಾದರ್ ಖಾನ್ ಎಂಬ ಸರದಾರನು ದಂಡಿನೊಡನೆ ಬಂದನು. ಕೊಡಗರು ಅವನನ್ನು ದಾರಿಯಲ್ಲಿಯೇ ಮುತ್ತಿದರು. ಅವನನ್ನು ಅಲ್ಲಿಯೇ ನಾಶಮಾಡುವುದು ವೀರರಾಜೇಂದ್ರನಿಗೆ ಕಷ್ಟವಾಗಿರಲಿಲ್ಲ. ಆದರೆ ಹಿಂದೆ ರಾಜನ ಮನೆಯವರು ಸೆರೆಯಲ್ಲಿದ್ದಾಗ ಖಾದರ್ ಖಾನನು ಅವರಿಗೆ ಉಪಕಾರ ಮಾಡಿದ್ದನು. ಅದನ್ನು ನೆನೆದು ರಾಜನು ಅವನಿಗೆ ಕೋಟೆಯನ್ನು ಸೇರಲು ಎಡೆಗೊಟ್ಟನು. ತಂದ ಧಾನ್ಯ ಬಹುದಿನ ಸಾಲಲಿಲ್ಲ. ಕಡೆಗೆ ಕೋಟೆಯ ಅಧಿಕಾರಿ ಜಾಫರ್ ಅಲಿ ಬೇಗನು ಕೋಟೆಯನ್ನು ಒಪ್ಪಿಸಿದನು. ಸೋತ ಸೈನ್ಯವನ್ನು ರಾಜನು ಕೊಲ್ಲದೆ ಕಳುಹಿಸಿಕೊಟ್ಟನು. ಕೊಡಗಿನ ಚರಿತ್ರೆಯ ಗ್ರಂಥಗಳು ಈ ಪ್ರಸಂಗವನ್ನು ಆದರದಿಂದ ಹೇಳಿವೆ. ಎರಡು ಪಕ್ಷಗಳ ನಡುವೆ ಉಗ್ರವಾದ ಹಗೆಯಿದ್ದ ಕಾಲದಲ್ಲಿಯೂ ಒಬ್ಬ ಮನುಷ್ಯನು ಮಾಡಿದ ಉಪಕಾರವನ್ನು ಇನ್ನೊಬ್ಬನು ಮರೆಯಲಿಲ್ಲವೆಂಬುದನ್ನು ಈ ಕೋಟೆಯನ್ನು ನೋಡುವವರು ತಿಳಿದಿರಬೇಕು.

ಕೋಟೆಯೊಳಗಿನ ಅರಮನೆಯನ್ನು ಲಿಂಗರಾಜೇಂದ್ರನು 1812ರಿಂದ 1814ರ ಅವಧಿಯಲ್ಲಿ ನವೀಕರಿಸಿದನು. ಅದು ಎರಡು ಅಂತಸ್ತಿನ ವಿಶಾಲವಾದ ಕಟ್ಟಡ. ಆವರಣದ ಈಶಾನ್ಯ ಮೂಲೆಯಲ್ಲಿ ಗಾರೆಯಿಂದ ಮಾಡಿದ ಎರಡು ಆನೆಗಳು ನಿಂತಿವೆ. ಗಾತ್ರದಲ್ಲಿ ಅವು ಜೀವಂತ ಆನೆಗಳಷ್ಟೇ ಇವೆ. ಅವುಗಳ ಬಗ್ಗೆ ಜನರು ಹೇಳುವ ಕಥೆಯೊಂದಿದೆ. ದಿನವೂ ಬೆಳಗ್ಗೆ ರಾಜನಿಗೆ ವಂದಿಸುತ್ತಿದ್ದ ಎರಡು ಆನೆಗಳು ಒಂದು ದಿನ ಬರಲಿಲ್ಲವಂತೆ. ಸಿಟ್ಟಿಗೆದ್ದ ರಾಜನು ಆನೆಗಳನ್ನೂ ಮಾವುತರನ್ನೂ ಕೊಲ್ಲಿಸಿ, ಬಳಿಕ ಪಶ್ಚಾತ್ತಾಪದಿಂದ ಈ ಮೂರ್ತಿಗಳನ್ನು ಮಾಡಿಸಿದನಂತೆ. ಇದು ನಡೆದ ಸಂಗತಿಯೆಂದು ಹೇಳಲು ಆಧಾರ ಬೇಕು. ಆದರೆ ಅರಸರ ಅಧಿಕಾರವನ್ನು ಜನಸಾಮಾನ್ಯರು ಹೇಗೆ ನೆನಪಿನಲ್ಲಿಟ್ಟುಕೊಂಡರೆಂಬುದಕ್ಕೆ ಈ ಕಥೆಯೇ ಒಂದು ಸಾಕ್ಷಿ. ಚರಿತ್ರೆಯನ್ನೂ ಐತಿಹ್ಯವನ್ನೂ ಬೇರೆಬೇರೆಯಾಗಿ ಗುರುತಿಸಿ, ಎರಡಕ್ಕೂ ಸಲ್ಲಬೇಕಾದ ಬೆಲೆಯನ್ನು ಸಲ್ಲಿಸುವುದು ವಿವೇಕಿಯಾದ ಪ್ರೇಕ್ಷಕನ ಲಕ್ಷಣ.

1790ರಲ್ಲಿ ಸ್ನೇಹದ ಕೈ ನೀಡಿದ ಕಂಪನಿಯೇ 1834ರಲ್ಲಿ ಕೊಡಗಿನ ಮೇಲೆ ದಂಡೆತ್ತಿ ಬಂದಿತು. ಆ ವರ್ಷದ ಏಪ್ರಿಲಿನಲ್ಲಿ ಮಡಿಕೇರಿಯ ಕೋಟೆ ಹೋರಾಟವಿಲ್ಲದೆ ಬ್ರಿಟಿಷರ ವಶವಾಯಿತು. ಕೊನೆಯ ಅರಸನಾದ ಚಿಕ್ಕ ವೀರರಾಜೇಂದ್ರನು ಪದಚ್ಯುತನಾಗಿ ನಾಡನ್ನು ಬಿಟ್ಟು ಹೋಗಬೇಕಾಯಿತು. ಮೂರು ವರ್ಷಗಳ ಬಳಿಕ, 1837ರಲ್ಲಿ, ಸುಳ್ಯ ಮತ್ತು ಕೊಡಗಿನ ರೈತರು ಬ್ರಿಟಿಷರ ವಿರುದ್ಧ ದಂಗೆಯೆದ್ದು ಮಂಗಳೂರಿನವರೆಗೂ ಹೋದರು. ದಂಗೆಯನ್ನು ಅಡಗಿಸಿದ ಬ್ರಿಟಿಷರು ಅದರ ನಾಯಕರಲ್ಲಿ ಒಬ್ಬನಾದ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಿದರು. ಅರಸರ ಕಾಲದಲ್ಲಿ ಕೋಟೆಯೊಳಗೆ ವೀರಭದ್ರನ ಗುಡಿಯೊಂದಿತ್ತು. 1855ರಲ್ಲಿ ಬ್ರಿಟಿಷರು ಅದನ್ನು ತೆಗೆಸಿಹಾಕಿ, ಆ ಸ್ಥಳದಲ್ಲಿ ಆಂಗ್ಲಿಕನ್ ಇಗರ್ಜಿಯನ್ನು ಕಟ್ಟಿಸಿದರು. 1933ರಲ್ಲಿ ಅರಮನೆಗೆ ಗಡಿಯಾರದ ಗೋಪುರವೂ ಕಮಿಷನರ ಮೋಟಾರು ಬಂಡಿಯನ್ನು ನಿಲ್ಲಿಸಲು ಒಂದು ಮುಂಭಾಗದ ಮಂಟಪವೂ ಸೇರಿದವು. ಸ್ವಾತಂತ್ರ್ಯ ಬಂದ ಮೇಲೆ 1956ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಆ ವರ್ಷದ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಮುಂದೆ ಬಹುಕಾಲ ಜಿಲ್ಲೆಯ ಸರ್ಕಾರಿ ಕಚೇರಿಗಳು ಅರಮನೆಯಲ್ಲಿಯೇ ನಡೆದವು. ಹಳೆಯ ಇಗರ್ಜಿಯ ಕಟ್ಟಡವು ಸರ್ಕಾರದ ವಸ್ತು ಸಂಗ್ರಹಾಲಯವಾಗಿ, ಕೊಡಗಿನ ಹಳೆಯ ಶಿಲ್ಪಗಳಿಗೂ ಆಯುಧಗಳಿಗೂ ನೆಲೆಯಾಯಿತು.

ಹೀಗೆ ಒಂದೇ ದಿಬ್ಬದ ಮೇಲೆ ಹಾಲೇರಿಯ ಅರಸರು, ಮೈಸೂರಿನ ಸುಲ್ತಾನರು, ಬ್ರಿಟಿಷರು, ಕೊನೆಗೆ ಸ್ವತಂತ್ರ ಭಾರತದ ಸರ್ಕಾರ, ಎಲ್ಲರೂ ತಮ್ಮ ತಮ್ಮ ಗುರುತುಗಳನ್ನು ಬಿಟ್ಟಿದ್ದಾರೆ. ಇವುಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು? ಹಳೆಯ ಕಟ್ಟಡಗಳ ಸಂಬಂಧವಾಗಿ ಇಂತಹ ಪ್ರಶ್ನೆಯನ್ನು ಎಲ್ಲ ದೇಶಗಳಲ್ಲಿಯೂ ಕೇಳುವವರಿದ್ದಾರೆ. ಒಂದು ಪಕ್ಷದವರ ಮಾತು ಹೀಗಿದೆ: ಕೋಟೆಯನ್ನು ಮೊದಲು ಕಟ್ಟಿದವರ ಕಾಲದ ರೂಪವೇ ಅದರ ನಿಜವಾದ ರೂಪ, ಆಮೇಲೆ ಸೇರಿದ್ದೆಲ್ಲವೂ ಕಲಬೆರಕೆ, ಅನ್ಯಾಯದಿಂದ ಎದ್ದುನಿಂತ ಕಟ್ಟಡವನ್ನು ಕಾಪಾಡುವುದೆಂದರೆ ಅನ್ಯಾಯವನ್ನೇ ಕಾಪಾಡಿದಂತೆ. ಈ ಮಾತಿನ ಹಿಂದೆ ನೋವಿದೆ. ಗುಡಿಯನ್ನು ಕಳೆದುಕೊಂಡವರ, ಬಂಧುಗಳನ್ನು ಕಳೆದುಕೊಂಡವರ ಮನಸ್ಸನ್ನು ಅರಿಯದೆ ಈ ವಾದವನ್ನು ತಳ್ಳಿಹಾಕುವುದು ಉಚಿತವಲ್ಲ.

ಆದರೂ ಈ ವಾದವನ್ನು ಒಪ್ಪುವುದು ಕಷ್ಟ. ಮುದ್ದುರಾಜನ ಮಣ್ಣಿನ ಕೋಟೆಗೆ ಹಿಂದಿರುಗಬೇಕೆಂದರೆ ಈಗಿರುವ ಕಲ್ಲಿನ ಕೋಟೆಯನ್ನೇ ಕೆಡವಬೇಕಾಗುತ್ತದೆ. ಕೆಡವಿದ ಮೇಲೆ ಉಳಿಯುವುದು ಬರಿಯ ದಿಬ್ಬ. ಇದಲ್ಲದೆ, ಅನ್ಯಾಯದ ಕುರುಹನ್ನು ಅಳಿಸಿದರೆ ಅನ್ಯಾಯಕ್ಕೊಳಗಾದವರ ಸಾಕ್ಷ್ಯವೂ ಅಳಿದುಹೋಗುತ್ತದೆ. ಗುಡಿಯಿದ್ದ ಸ್ಥಳದಲ್ಲಿ ಇಗರ್ಜಿ ನಿಂತಿರುವುದನ್ನು ಕಂಡಾಗಲೇ ವಿದ್ಯಾರ್ಥಿಯು ‘ಇದಕ್ಕೆ ಮೊದಲು ಇಲ್ಲಿ ಏನಿತ್ತು?’ ಎಂದು ಕೇಳುವನು. ಆ ಕಟ್ಟಡವೇ ಇಲ್ಲವಾದರೆ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ. ಪರರ ಗುಡಿಯನ್ನು ತೆಗೆಸಿದ ಆಳರಸರ ತಪ್ಪನ್ನು, ಇನ್ನೊಂದು ಕಟ್ಟಡವನ್ನು ತೆಗೆಸಿ ತಿದ್ದಲಾಗದು. ಅದನ್ನು ತಪ್ಪೆಂದು ಸ್ಪಷ್ಟವಾಗಿ ಬರೆದು ನಿಲ್ಲಿಸುವುದೇ ಸರಿಯಾದ ತಿದ್ದುಪಡಿ. ಆದುದರಿಂದ ಕೋಟೆಯಲ್ಲಿ ಎಲ್ಲ ಕಾಲದ ಗುರುತುಗಳೂ ಉಳಿಯಬೇಕು. ಅವುಗಳ ಪಕ್ಕದಲ್ಲಿ ಎಲ್ಲ ಕಾಲದ ಸತ್ಯವೂ ಜನರಿಗೆ ತಿಳಿಯುವ ಭಾಷೆಯಲ್ಲಿ ಬರೆದಿರಬೇಕು.

ಈ ವಿಚಾರವನ್ನು ತಿಳಿಯಲು ಕೊಡಗಿನವರು ದೂರ ಹೋಗಬೇಕಾಗಿಲ್ಲ. ಅಲ್ಲಿನ ಒಕ್ಕಗಳಿಗೆ ಐನ್‌ಮನೆಗಳಿವೆ. ಒಂದು ಒಕ್ಕದ ಹಿರಿಯರು ತಲೆತಲಾಂತರದಿಂದ ಬಾಳಿದ ಮೂಲಮನೆ ಅದು. ಅದರಲ್ಲಿ ಒಂದು ಕಂಬವನ್ನು ಮುತ್ತಜ್ಜ ನಿಲ್ಲಿಸಿರುತ್ತಾನೆ, ಮಾಡಿಗೆ ಹೆಂಚನ್ನು ಅಜ್ಜ ಹೊದಿಸಿರುತ್ತಾನೆ, ಕಿಟಕಿಗೆ ಗಾಜನ್ನು ಮಗ ಹಾಕಿಸಿರುತ್ತಾನೆ. ಹಿರಿಯರಲ್ಲಿ ಒಳ್ಳೆಯವರೂ ಇದ್ದರು, ಜಗಳಗಂಟರೂ ಇದ್ದರು. ಜಗಳಗಂಟನು ನಿಲ್ಲಿಸಿದ ಕಂಬವೆಂದು ಅದನ್ನು ಯಾರೂ ಕೀಳುವುದಿಲ್ಲ. ಐನ್‌ಮನೆ ಯಾವೊಬ್ಬನ ಸ್ವಂತ ಸೊತ್ತೂ ಅಲ್ಲ. ಇಡೀ ಒಕ್ಕಕ್ಕೆ ಸೇರಿದ್ದು. ಹಬ್ಬಕ್ಕೆ ಎಲ್ಲರೂ ಬರುತ್ತಾರೆ, ಸೋರುವ ಮಾಡಿನ ದುರಸ್ತಿಗೂ ಎಲ್ಲರೂ ಕೈಗೂಡಿಸಬೇಕಾಗುತ್ತದೆ. ನಾಡಿನ ಕೋಟೆಯೂ ಹಾಗೆಯೇ. ಅದು ಸಮಸ್ತ ನಾಡಿಗೆ ಸೇರಿದ ಮೂಲಮನೆ. ಯಾವ ಜಾತಿಯವರಾಗಲಿ, ಯಾವ ಮತದವರಾಗಲಿ, ಯಾವ ಭಾಷೆಯವರಾಗಲಿ ತಮ್ಮದೆಂದು ಒಳಗೆ ಬರಬಹುದು. ತಮ್ಮದು ಮಾತ್ರವೆಂದು ಬಾಗಿಲು ಹಾಕಿಕೊಳ್ಳಲಾಗದು.

ಐನ್‌ಮನೆಯ ಹೋಲಿಕೆಯಿಂದ ಇನ್ನೊಂದು ಪಾಠವೂ ದೊರೆಯುತ್ತದೆ. ಜನವಾಸವಿಲ್ಲದ ಮನೆ ಬೇಗ ಹಾಳಾಗುತ್ತದೆ. ದೀಪ ಹಚ್ಚುವವರಿಲ್ಲದೆ, ಒಲೆಯ ಹೊಗೆಯಾಡದೆ ಹೋದರೆ ಮಾಡಿನ ಮರವನ್ನು ಹುಳು ತಿನ್ನುತ್ತದೆ, ಗೋಡೆಗೆ ಗೆದ್ದಲು ಹತ್ತುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗೋಡೆಗಳು ಆರುವುದೇ ಇಲ್ಲ. ಕಲ್ಲಿನ ಸಂದಿಗಳಲ್ಲಿ ಹಾವಸೆ ಬೆಳೆದು, ಹಕ್ಕಿ ಉದುರಿಸಿದ ಬೀಜ ಮೊಳೆತು, ಎಳೆಯ ಬೇರು ಒಂದೆರಡು ವರ್ಷಗಳಲ್ಲಿ ಕಲ್ಲನ್ನೇ ಸರಿಸುತ್ತದೆ. ಫಿರಂಗಿಯ ಗುಂಡು ಒಂದು ದಿನದಲ್ಲಿ ಮಾಡುವ ಹಾನಿಯನ್ನು ಮಳೆ ಮತ್ತು ಬೇರು ನೂರು ವರ್ಷಗಳಲ್ಲಿ ಸದ್ದಿಲ್ಲದೆ ಮಾಡಿ ಮುಗಿಸುತ್ತವೆ. ಸರ್ಕಾರಿ ಕಚೇರಿಗಳಿದ್ದ ಕಾಲದಲ್ಲಿ ಅರಮನೆಗೆ ಹಾನಿಯೂ ಆಯಿತು, ರಕ್ಷಣೆಯೂ ದೊರೆಯಿತು. ಕಡತಗಳ ಭಾರ, ವಿದ್ಯುತ್ತಿನ ತಂತಿ, ಜನದಟ್ಟಣೆ ಇವು ಹಳೆಯ ಕಟ್ಟಡಕ್ಕೆ ಹಿತವಲ್ಲ. ಆದರೆ ಸೋರಿದಾಗ ಹೆಂಚು ಬದಲಿಸುವವರು, ಬಿರುಕು ಕಂಡಾಗ ಹೇಳುವವರು ಅಲ್ಲಿ ಪ್ರತಿದಿನ ಇರುತ್ತಿದ್ದರು. ಈಚಿನ ವರ್ಷಗಳಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯು ಹೊಸ ಕಟ್ಟಡಕ್ಕೆ ಹೋಗಿದೆ. ಅರಮನೆಯು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ತಜ್ಞರು ಗೋಡೆಯನ್ನು ಸರಿಪಡಿಸಬಲ್ಲರು. ಆದರೆ ಬೀಗ ಹಾಕಿದ ಅರಮನೆಗೆ ದುರಸ್ತಿಯೊಂದೇ ಸಾಲದು. ಗ್ರಂಥಗಳು, ಹಳೆಯ ಚಿತ್ರಗಳು, ನಾಡಿನ ಜನಜೀವನದ ಪರಿಕರಗಳು ಅಲ್ಲಿ ನೆಲೆಸಿ, ಓದುವವರೂ ನೋಡುವವರೂ ಮಿತವಾಗಿ, ನಿಯಮಬದ್ಧವಾಗಿ ಬಂದುಹೋಗುವಂತಾದರೆ ಅದು ಜೀವಂತವಾಗಿ ಉಳಿದೀತು.

ಸರ್ಕಾರದ ಕರ್ತವ್ಯವನ್ನು ಹೇಳಿ ಸುಮ್ಮನಾಗುವುದು ಸುಲಭ. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1958ರ ಕಾನೂನಿದೆ. ರಕ್ಷಿತ ಸ್ಮಾರಕವನ್ನು ಕೆಡಿಸುವವರಿಗೆ ಅದರಲ್ಲಿ ಶಿಕ್ಷೆಯುಂಟು. ಆದರೆ ಪ್ರತಿ ಗೋಡೆಯ ಬಳಿಯಲ್ಲಿಯೂ ಒಬ್ಬ ಕಾವಲುಗಾರನನ್ನು ನಿಲ್ಲಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಮೊಳೆಯಿಂದ ಗೋಡೆಯ ಮೇಲೆ ತನ್ನ ಹೆಸರನ್ನು ಕೆತ್ತುವವನು ಎರಡು ನೂರು ವರ್ಷಗಳ ಗಾರೆಯನ್ನು ಎರಡು ನಿಮಿಷಗಳಲ್ಲಿ ಕೆಡಿಸುತ್ತಾನೆ. ಆನೆಯ ಮೂರ್ತಿಯ ಮೇಲೆ ಹತ್ತಿ ಕುಳಿತು ಚಿತ್ರ ತೆಗೆಸಿಕೊಳ್ಳುವವನಿಗೆ ತನ್ನಂತೆಯೇ ಸಾವಿರ ಜನ ಹತ್ತಿ ಕುಳಿತರೆ ಮೂರ್ತಿಯ ಗತಿಯೇನಾದೀತೆಂಬ ಎಣಿಕೆಯಿಲ್ಲ. ನಮ್ಮ ಸಂವಿಧಾನಕ್ಕೆ 1976ರಲ್ಲಿ ಮೂಲಭೂತ ಕರ್ತವ್ಯಗಳನ್ನು ಸೇರಿಸಿದಾಗ, ದೇಶದ ಸಂಮಿಶ್ರ ಸಂಸ್ಕೃತಿಯ ಶ್ರೀಮಂತ ಪರಂಪರೆಯನ್ನು ಗೌರವಿಸಿ ಕಾಪಾಡುವುದನ್ನೂ ಪ್ರತಿಯೊಬ್ಬ ಪೌರನ ಕರ್ತವ್ಯವೆಂದು ಹೇಳಲಾಯಿತು. ‘ಸಂಮಿಶ್ರ’ ಎಂಬ ಮಾತು ಅಲ್ಲಿ ಸುಮ್ಮನೆ ಬಂದುದಲ್ಲ. ಹಲವರು ಸೇರಿ, ಹಲವು ಬಾರಿ ಕಾದಾಡಿ, ಮತ್ತೆ ಕೂಡಿ ಬಾಳಿ ಬೆಳೆಸಿದ ಸಂಸ್ಕೃತಿಯಿದು ಎಂಬುದನ್ನು ಆ ಒಂದು ಪದ ತಿಳಿಸುತ್ತದೆ.

ಶಾಲೆಯ ಪ್ರವಾಸವೆಂಬುದು ಬರಿಯ ವಿನೋದವಾಗದೆ ಶಿಕ್ಷಣವೂ ಆಗಬೇಕಾದರೆ ಹೊರಡುವ ಮೊದಲೇ ಸಿದ್ಧತೆ ಬೇಕು. ಕೋಟೆಗೆ ಹೋಗುವ ವಿದ್ಯಾರ್ಥಿಗಳು ಅದರ ಚರಿತ್ರೆಯನ್ನು ಮೊದಲೇ ಓದಿಕೊಂಡಿರಬೇಕು. ಅಲ್ಲಿಗೆ ಹೋದ ಮೇಲೆ ಬಾಗಿಲು ಏಕೆ ಸೊಟ್ಟಾಗಿದೆ, ಗೋಡೆ ಏಕೆ ದಿಬ್ಬದೊಡನೆ ತಿರುಗುತ್ತದೆ, ಅರಮನೆಗೆ ಗಡಿಯಾರ ಹೇಗೆ ಬಂದಿತು ಎಂದು ಕೇಳಬೇಕು. ಗೆದ್ದವರ ಹೆಸರು ಎಲ್ಲೆಲ್ಲಿ ಕಾಣುತ್ತದೆ, ಕಲ್ಲು ಹೊತ್ತವರ ಹೆಸರು ಏಕೆ ಎಲ್ಲಿಯೂ ಕಾಣುವುದಿಲ್ಲ ಎಂಬುದನ್ನೂ ಯೋಚಿಸಬೇಕು. ಕೇಳಿದ ಕಥೆಯಲ್ಲಿ ದಾಖಲೆಯಾವುದು, ಐತಿಹ್ಯವಾವುದು ಎಂದು ಗುರುತು ಹಾಕಿಕೊಳ್ಳಬೇಕು. ತಮ್ಮವರ ಶೌರ್ಯವನ್ನು ಕೇಳಿ ಹೆಮ್ಮೆಪಡುವಷ್ಟೇ ಸಹಜವಾಗಿ ತಮ್ಮವರು ಮಾಡಿದ ಕ್ರೌರ್ಯವನ್ನು ಕೇಳಿ ಮರುಗಲೂ ಕಲಿಯಬೇಕು. ಖಾದರ್ ಖಾನನಿಗೆ ದಾರಿ ಬಿಟ್ಟ ವೀರರಾಜೇಂದ್ರನನ್ನು ನೆನೆಯುವ ನಾಡಿಗೆ ಇದು ಅಸಾಧ್ಯವಾದ ಪಾಠವೇನೂ ಅಲ್ಲ.

ಇಂದು ಯಾವ ಶತ್ರುವಿನ ದಂಡೂ ಘಟ್ಟವನ್ನು ಹತ್ತಿ ಮಡಿಕೇರಿಯ ಕೋಟೆಯ ಮೇಲೆ ಬರುವುದಿಲ್ಲ. ನಾಡನ್ನು ಕಾಯುವ ಕೆಲಸದಿಂದ ಅದು ನಿವೃತ್ತವಾಗಿದೆ. ನಾಡಿನವರೇ ಅದನ್ನು ಕಾಯಬೇಕಾದ ಕಾಲ ಈಗ ಬಂದಿದೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವವರು ಇನ್ನು ಕೆಲವು ವರ್ಷಗಳಲ್ಲಿ ಎಂಜಿನಿಯರುಗಳು, ಅಧಿಕಾರಿಗಳು, ಉಪಾಧ್ಯಾಯರು, ಕೃಷಿಕರು ಆಗುವರು. ಅವರ ಊರುಗಳಲ್ಲಿಯೂ ಒಂದು ಬುರುಜೋ, ವೀರಗಲ್ಲೋ, ಹಳೆಯ ಕೆರೆಯ ತೂಬೋ ಇದ್ದೇ ಇರುತ್ತದೆ. ಅದನ್ನು ಉಳಿಸುವ ಅಥವಾ ಅಳಿಸುವ ನಿರ್ಧಾರ ಮುಂದೊಂದು ದಿನ ಅವರ ಕೈಗೆ ಬರುತ್ತದೆ. ಆ ನಿರ್ಧಾರವನ್ನು ಕೈಗೊಳ್ಳುವ ಮೊದಲು ‘ಇಲ್ಲಿ ಯಾರು ಯಾರು ಬಾಳಿದರು?’ ಎಂದು ಒಮ್ಮೆ ವಿಚಾರಿಸುವ ಅಭ್ಯಾಸ ಅವರಿಗಿದ್ದರೆ, ಈ ನಾಡಿನ ಹಳೆಯ ಕಲ್ಲುಗಳು ಇನ್ನೂ ಬಹುಕಾಲ ನಿಲ್ಲುವುವು.